ಹಸಿರು ಬಾಗಿಲಿನ ಮೆಟ್ಟಿಲು

ಬಾಡಿಗೆ ಮನೆ ಬದಲಾಯಿಸಿದವರಿಗೆಲ್ಲ ಗೊತ್ತು, ಆ ಗಡಿಬಿಡಿಯಲ್ಲಿ ಏನಾದರೊಂದು ಹಿಂದೆ ಉಳಿದೇ ಉಳಿಯುತ್ತದೆ. ಕೆಲವರದು ಸೌಟು, ಕೆಲವರದು ಗೋಡೆಯ ಕನ್ನಡಿ. ಹಾಸಿಗೆ ಹೊಲಿಯುವ ಅಕ್ಕನ ಮನೆಯಲ್ಲಿ ಉಳಿದುಹೋದದ್ದು ಒಂದೇ ಒಂದು ಮಾತು. ನಾವು ಮನೆ ಬದಲಾಯಿಸಿದ್ದೇವೆ ಎಂದು ಮಕ್ಕಳ ರಕ್ಷಣೆಯ ಕಚೇರಿಗೆ ತಿಳಿಸುವ ಮಾತು.

ಆ ಮನೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಬೆಳೆಯುತ್ತಿದ್ದಳು. ಹೆತ್ತ ತಾಯಿ ಶ್ವಾಸಕೋಶದ ಕಾಯಿಲೆಯಿಂದ ದೂರದ ಆಸ್ಪತ್ರೆಯಲ್ಲಿದ್ದಳು. ಅವಳು ಗುಣವಾಗುವ ತನಕ ಸಾಕಿ ಎಂದು ಕಚೇರಿಯವರು ಮಗುವನ್ನು ಅಕ್ಕನಿಗೂ ಅವಳ ಗಂಡನಿಗೂ ಒಪ್ಪಿಸಿದ್ದರು. ಪಟಪಟ ಸಿಡಿಯುವ ಮಾತಿನಿಂದಾಗಿ, ಬಂದ ವಾರದಲ್ಲೇ ಹುಡುಗಿಗೆ ಸಾಸಿವೆ ಎಂಬ ಹೆಸರು ಬಿತ್ತು. ಅವಳು ಅಕ್ಕನನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಹದಿನಾಲ್ಕು ವರ್ಷದಿಂದ ಮಕ್ಕಳಿಗಾಗಿ ಹಂಬಲಿಸಿದ್ದ ಅಕ್ಕನಿಗೆ ಅದನ್ನು ಕೇಳಿದಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು. ಈ ಮಗು ಇಲ್ಲೇ ಇದ್ದುಬಿಡಲಿ ಎಂಬ ಆಸೆಯನ್ನು ಅವಳು ಹತ್ತಿಯ ಜೊತೆಗೆ ಹಾಸಿಗೆಯೊಳಗೆ ಒತ್ತಿ ಒತ್ತಿ ತುಂಬುತ್ತಿದ್ದಳು.

ಹಳೆಯ ಮನೆಯಲ್ಲಿ ಹತ್ತಿ ಹರಡಲು ಜಾಗ ಸಾಲದೆ ಮೂರು ವಾರದ ಹಿಂದೆ ಅವರು ಎರಡು ಬೀದಿ ಆಚೆ ದೊಡ್ಡ ಮನೆ ಹಿಡಿದರು. ಕೆಲಸಕ್ಕೆ ಕೈಜೋಡಿಸಲು ಅಕ್ಕನ ತಮ್ಮನೂ ಬಂದು ಸೇರಿಕೊಂಡ. ಅದೇ ಸಮಯಕ್ಕೆ ಗಂಡನ ಫೋನು ಬಕೆಟ್ಟಿಗೆ ಬಿದ್ದು ಹಾಳಾಗಿ, ನಂಬರೂ ಬದಲಾಯಿತು. ಕಚೇರಿಗೆ ಹೇಳಬೇಕಲ್ಲ ಎಂದು ಅಕ್ಕ ಒಂದು ಸಲ ಬಾಯಿಬಿಟ್ಟಳು. ಎರಡು ಬೀದಿ ದಾಟಿದ್ದಕ್ಕೆಲ್ಲ ವರದಿ ಒಪ್ಪಿಸೋದಾ, ಇಲ್ಲದ ರಗಳೆ ಯಾಕೆ ಎಂದು ಗಂಡ ತಳ್ಳಿಹಾಕಿದ. ಅಕ್ಕ ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಅವಳದೇ ಕಾರಣವಿತ್ತು, ಅದನ್ನು ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಹೊಸ ಮನೆಗೆ ಬಂದ ಮೇಲೆ ಸಾಸಿವೆಯ ಸಿಡಿತ ನಿಂತೇಹೋಯಿತು. ಶಾಲೆಯಿಂದ ದಿನಾ ಒಂದು ಗಂಟೆ ತಡವಾಗಿ ಬರುತ್ತಿದ್ದಳು. ಕೇಳಿದರೆ ಆಟ ಎನ್ನುತ್ತಿದ್ದಳು. ಒಂದು ಸಂಜೆ ಹಳೆಯ ಬೀದಿಯ ಸೈಕಲ್ ಶಾಪಿನವನು ಅವಳನ್ನು ಎತ್ತಿಕೊಂಡೇ ಬಂದ. ಗಲ್ಲ ಸೀಳಿ ಅಂಗಿಯೆಲ್ಲ ರಕ್ತವಾಗಿತ್ತು. ಅಕ್ಕನೂ ಗಂಡನೂ ಅವಳನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದರು.

ಅಲ್ಲಿ ನಾಲ್ಕು ಹೊಲಿಗೆ ಬಿದ್ದವು. ಬ್ಯಾಂಡೇಜು ಸುತ್ತುತ್ತಾ ನರ್ಸಮ್ಮ ಮಗು ಯಾರದೆಂದು ವಿಚಾರಿಸಿದಳು. ಕಚೇರಿಯವರು ಸಾಕಲು ಒಪ್ಪಿಸಿದ್ದು ಎಂದಳು ಅಕ್ಕ. ಅವಳ ಸ್ವಂತ ತಂಗಿಯೂ ಹೀಗೇ ಒಂದು ಮಗುವನ್ನು ಸಾಕುತ್ತಿದ್ದಳು. ಹಾಗಾಗಿ, ಕಚೇರಿಗೆ ಫೋನ್ ಮಾಡಿದ್ರಾ ಎಂಬುದೇ ಅವಳ ಮುಂದಿನ ಪ್ರಶ್ನೆಯಾಯಿತು.

ಗಂಡ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಾವಾಗೇ ಹೇಳಿ ಮೈಮೇಲೆ ಎಳ್ಕೊಳ್ಳೋದಾ ನರ್ಸಮ್ಮ? ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಮಗೂನೇ ಕರ್ಕೊಂಡು ಹೋಗ್ತಾರೆ."

"ಮಕ್ಕಳು ಬೀಳ್ತಾರೆ, ಅದು ಅವರಿಗೂ ಗೊತ್ತು. ಇವತ್ತೇ ನೀವು ಹೇಳಿದ್ರೆ ಇದು ಬಿದ್ದ ಗಾಯ. ನಾಳೆ ಬೇರೆಯವರು ಹೇಳಿದ್ರೆ ಮುಚ್ಚಿಟ್ಟ ಗಾಯ. ಯಾವುದು ವಾಸಿ, ನೀವೇ ನೋಡಿ."

ನರ್ಸಮ್ಮ ಮಗುವಿನ ಕಡೆ ತಿರುಗಿ, ಎಲ್ಲಿ ಬಿದ್ದೆ ಕಂದಾ ಎಂದು ಕೇಳಿದಳು. ಹಳೆಯ ಮನೆಯ ಮೆಟ್ಟಿಲ ಮೇಲೆ ಎಂದಳು ಸಾಸಿವೆ. ದಿನಾ ಅಲ್ಲಿ ಹೋಗಿ ಕೂರುತ್ತಿದ್ದಳಂತೆ. ಬಾಗಿಲ ಸಂದಿಯಲ್ಲಿ ಅಮ್ಮನ ಕಾಗದ ಬಿದ್ದಿದೆಯೋ ಎಂದು ಕಿಟಕಿ ಹತ್ತಿ ಇಣುಕುವಾಗ ಕಾಲು ಜಾರಿತ್ತು.

"ಹಸಿರು ಬಾಗಿಲು ಅಂತ ಅಮ್ಮಂಗೆ ಹೇಳಿದ್ದೆ," ಎಂದಳು, ಗಲ್ಲ ಅಲುಗದಂತೆ ಮೆಲ್ಲಗೆ. "ಅಮ್ಮ ಬಂದು, ಬೀಗ ನೋಡಿ ವಾಪಸ್ ಹೋಗ್ಬಿಟ್ರೆ?"

ಮೂರು ವಾರದಿಂದ ಅಕ್ಕ ಮುಚ್ಚಿಟ್ಟುಕೊಂಡಿದ್ದ ಕಾರಣ ಎದುರಿಗೇ ಬ್ಯಾಂಡೇಜು ಕಟ್ಟಿಕೊಂಡು ಕೂತಿತ್ತು. ವಿಳಾಸ ತಿಳಿಯದಿದ್ದರೆ ಈ ಮಗುವನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ ಎಂದು ಅವಳು ಆಸೆಪಟ್ಟಿದ್ದಳು. ಮಗು ಮಾತ್ರ ಅಷ್ಟೂ ದಿನ ಯಾರಾದರೂ ಬರಲಿ ಎಂದೇ ಕಾದಿತ್ತು. ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತು ಫೋನ್ ಕೈಗೆತ್ತಿಕೊಂಡಳು. ಬೇಡವೆಂದು ಗಂಡ ಕಣ್ಣಲ್ಲೇ ಹೇಳಿದ. ಅವಳು ಬೇಕೆಂದೇ ಗೋಡೆಯ ಕಡೆ ತಿರುಗಿ ಕಚೇರಿಯವರ ಜೊತೆ ಮಾತಾಡಿದಳು.

ಮರುದಿನ ಬೆಳಿಗ್ಗೆ ಕಚೇರಿಯ ಮೇಡಂ ಬಂದರು. ಗಾಯ ನೋಡಿದರು, ಹೇಗಾಯಿತೆಂದು ಮಗುವನ್ನು ಬೇರೆಯಾಗಿ ಕೂರಿಸಿಕೊಂಡು ಕೇಳಿದರು. ಹೊಸ ವಿಳಾಸ, ಹೊಸ ನಂಬರು ಬರೆದುಕೊಂಡರು. ತಮ್ಮನನ್ನು ಕರೆದು ಅವನ ಹಿಂದುಮುಂದು ವಿಚಾರಿಸಿ, ಗುರುತಿನ ಚೀಟಿ ಪಡೆದರು. ಮನೆಗೆ ಹೊಸಬರು ಬಂದರೆ ಅವರು ಮಗುವಿನ ಪಕ್ಕದಲ್ಲೇ ಮಲಗಿ ಏಳುವವರು, ಅವರ ಬಗ್ಗೆ ನಮಗೆ ಗೊತ್ತಿರಬೇಕು, ಇದು ಅನುಮಾನ ಅಲ್ಲ, ಎಚ್ಚರ ಎಂದರು. ಅಕ್ಕನ ತಮ್ಮ ಮುಖ ಸಣ್ಣದು ಮಾಡಿಕೊಂಡರೂ ತಲೆಯಾಡಿಸಿದ. ಹೋದ ವಾರ ಮೇಡಂ ಹಳೆಯ ಮನೆಗೆ ಬಂದು ಬೀಗ ನೋಡಿ, ಸ್ವಿಚ್ ಆಫ್ ಆದ ನಂಬರಿಗೆ ಫೋನ್ ಮಾಡಿ ಮಾಡಿ ಸೋತಿದ್ದರಂತೆ. ಇನ್ನೆರಡು ದಿನ ಸುಳಿವು ಸಿಗದಿದ್ದರೆ ಪೊಲೀಸರಿಗೆ ಹೇಳಬೇಕಾಗಿತ್ತಂತೆ. ಗಂಡ ತಲೆ ತಗ್ಗಿಸಿದ.

ಆಮೇಲೆ ಮೇಡಂ ಚೀಲದಿಂದ ಹೆತ್ತ ತಾಯಿ ಆಸ್ಪತ್ರೆಯಿಂದ ಬರೆದ ಎರಡು ಕಾಗದ ತೆಗೆದರು. ಎರಡರ ಮೇಲೂ 'ಈ ವಿಳಾಸದಲ್ಲಿ ಇಲ್ಲ' ಎಂದು ಬರೆದಿತ್ತು.

"ಇವು ವಾಪಸ್ ಹೋದ ದಿನದಿಂದ ಆ ತಾಯಿ ಸರಿಯಾಗಿ ಊಟ ಮಾಡಿಲ್ಲ," ಎಂದರು. "ಮಗಳು ಕಳೆದೇ ಹೋದಳು ಅಂದ್ಕೊಂಡಿದ್ದಾಳೆ."

ಅಕ್ಕ ಆಗ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಮೇಡಂ ಬೈಯಲಿಲ್ಲ. "ಪ್ರೀತಿ ಇರೋರಿಗೇ ಈ ಆಸೆ ಬರೋದಮ್ಮ. ಆದರೆ ಇನ್ನು ಏನೇ ಆಗಲಿ, ಮೊದಲ ಫೋನು ನಮಗೆ ಬರಲಿ," ಎಂದರು. ಮಗುವನ್ನು ಕರೆದುಕೊಂಡು ಹೋಗಲಿಲ್ಲ. ಆಸ್ಪತ್ರೆಗೆ ಫೋನ್ ಹಚ್ಚಿ ಸಾಸಿವೆಯ ಕೈಗೆ ಕೊಟ್ಟರು.

ಆ ಕಡೆಯಿಂದ ಮೊದಲು ಬರೀ ಅಳು ಕೇಳಿಸಿತು. ಈ ಕಡೆ ಮೂರು ವಾರದ ಮಾತು ಒಟ್ಟಿಗೇ ಸಿಡಿಯತೊಡಗಿತು. ಅಕ್ಕ ಹತ್ತಿ ಬಿಡಿಸುವ ನೆಪದಲ್ಲಿ ಅಲ್ಲೇ ಕೂತಳು.

"ಅಮ್ಮ, ಈಗ ನೀಲಿ ಬಾಗಿಲು. ಬೆಲ್ ಇಲ್ಲ, ಜೋರಾಗಿ ಕೂಗು. ನಾನು ಶಾಲೇಲಿದ್ರೂ ಹೋಗ್ಬೇಡ. ದೊಡ್ಡಮ್ಮ ಇರ್ತಾಳೆ, ಬಾಗಿಲು ತೆಗೀತಾಳೆ."

ತೆಗೀತೀನಿ ಎಂದು ಅಕ್ಕ ಹತ್ತಿಯ ರಾಶಿಯೊಳಗೆ ಹೇಳಿಕೊಂಡಳು.

ನಿಮ್ಮ ಮನೆಯಲ್ಲೂ ಹೀಗೆ ನಂಬಿ ಒಪ್ಪಿಸಿದ ಮಗುವಿದೆಯೇ? ಮಗುವಿಗೆ ಪೆಟ್ಟಾದರೆ, ಜೋರು ಕಾಯಿಲೆ ಬಿದ್ದರೆ, ಹೇಳದೆ ಎಲ್ಲಾದರೂ ಹೋದರೆ, ಯಾರಾದರೂ ನೋಯಿಸಿದ್ದಾರೆ ಎಂಬ ಅನುಮಾನ ಬಂದರೆ ತಡಮಾಡದೆ ಕಚೇರಿಗೆ ತಿಳಿಸಿ. ಮನೆ, ಫೋನು, ಕೆಲಸ ಬದಲಾದರೂ, ಮನೆಗೆ ಒಬ್ಬರು ಬಂದು ಸೇರಿದರೂ, ಒಬ್ಬರು ಬಿಟ್ಟುಹೋದರೂ ಹೇಳಿ. ನೀವು ಸಹಿ ಹಾಕಿದ ಕಾಗದದಲ್ಲಿ ಕಚೇರಿಯ ನಂಬರು ಇರುತ್ತದೆ. ಇವತ್ತೇ ಅದನ್ನು ಹುಡುಕಿ ಗೋಡೆಗೆ ಅಂಟಿಸಿ. ಆ ಮಗುವನ್ನು ನೆನೆಯುತ್ತಾ ಎಲ್ಲೋ ಒಬ್ಬರು ಕೂತಿರುತ್ತಾರೆ, ಅವರಿಗೆ ನಿಮ್ಮ ಬಾಗಿಲಿನ ಬಣ್ಣ ಗೊತ್ತಿರಲಿ.