ಚೌಡಯ್ಯನ ಸದ್ದು

"ಇನ್ನೊಂದ್ಸಲ ಒತ್ತಿ, ಇನ್ನೊಂದ್ಸಲ," ಎಂದರು ಹೆಡ್‌ಮಾಸ್ಟರ್ ಶಶಿಧರ್.

ಕೆಂಪರಾಜು ಒತ್ತಿದ. ಪರದೆಯ ಮೇಲಿನ ಕೆಂಪು ಪಟ್ಟಿಯನ್ನು ಗೆರೆಯೊಂದು ಸವರಿಕೊಂಡು ಹೋಯಿತು. ಸ್ಪೀಕರುಗಳಿಂದ ತಮಟೆ ಹೊರಬಿದ್ದು ಕಂಪ್ಯೂಟರ್ ಕೋಣೆಯ ಕಿಟಕಿ ಗಾಜು ಅದುರಿತು. ಶಶಿಧರ್ ಕುರ್ಚಿಯಲ್ಲೇ ಭುಜ ಕುಣಿಸಿದರು.

"ನಾಳೆ ವಾರ್ಷಿಕೋತ್ಸವಕ್ಕೆ ಇದೇ ಸಾಕು ಕಣ್ರೀ. ನಿಮ್ಮ ತಂದೆಯವರಿಗೆ ಯಾಕೆ ಸುಮ್ನೆ ತೊಂದ್ರೆ? ವಯಸ್ಸಾದೋರು."

ಕೆಂಪರಾಜು ಮಳವಳ್ಳಿಯ ಆ ಹೈಸ್ಕೂಲಿನ ಅತಿಥಿ ಶಿಕ್ಷಕ. ಬ್ರೌಸರಿನಲ್ಲೇ ತೆರೆದು ಸಂಗೀತ ಜೋಡಿಸುವ ಈ ಸಾಫ್ಟ್‌ವೇರನ್ನು ಮಂಡ್ಯದ ತರಬೇತಿಯಲ್ಲಿ ಕಲಿತು ಬಂದಿದ್ದ. ತನ್ನದೇ ಫೋನಿನ ನೆಟ್ ಹಂಚಿ, ಒಂದೊಂದು ಕಂಪ್ಯೂಟರಿಗೆ ಮೂವರಂತೆ ಕೂರಿಸಿ ಒಂಬತ್ತನೇ ತರಗತಿಗೆ ಕಲಿಸಿದ್ದ. ಅದರಲ್ಲಿ ತಬಲಾ ಇತ್ತು, ಢೋಲಕ್ ಇತ್ತು, ಮಕ್ಕಳು ಹೆಸರೇ ಕೇಳದ ದೇಶಗಳ ಚರ್ಮವಾದ್ಯಗಳಿದ್ದವು. ತಮಟೆ ಇರಲಿಲ್ಲ. ಅದಕ್ಕೇ ಅಪ್ಪ ಚೌಡಯ್ಯನನ್ನು ಕರೆದದ್ದು.

ಊರವರ ಸಾವಿಗೆ ಇನ್ನು ಬಡಿಯುವುದಿಲ್ಲ ಎಂದು ಅವರ ಕೇರಿ ತೀರ್ಮಾನಿಸಿದ ದಿನವೇ ಚೌಡಯ್ಯ ತಮಟೆಯನ್ನು ಅಟ್ಟಕ್ಕೆ ಹಾಕಿದ್ದ. ಆಮೇಲೆ ಗೋಡೆಗೆ ಬುದ್ಧನ ಪಟ ಬಂತು. ತಮಟೆ ಮಾತ್ರ ಕೆಳಗಿಳಿಯಲಿಲ್ಲ. ಮಗ ಕೇಳಿದಾಗ "ಪಾಠಕ್ಕಾದ್ರೆ ಬತ್ತೀನಿ" ಎಂದಿದ್ದ. ಬಂದು, ಶಾಲೆಯ ಹಿಂದೆ ತೆಂಗಿನ ಒಣಗರಿಗೆ ಬೆಂಕಿ ಹಚ್ಚಿ, ಚರ್ಮ ಬಿಗಿಯಾಗುವ ತನಕ ಕಾಯಿಸಿ ಬಡಿದ. ರುಕ್ಸಾರ್ ಎಂಬ ಹುಡುಗಿ ತನ್ನ ಅಬ್ಬಾನ ಫೋನಿನಲ್ಲಿ ಆ ಸದ್ದನ್ನು ಹಿಡಿದಳು. ತುಂಡು ಮಾಡಿ ಜೋಡಿಸಿದ್ದೂ ಅವಳೇ. ವಾರ್ಷಿಕೋತ್ಸವದಲ್ಲಿ ಹುಡುಗಿಯರ ಕುಣಿತಕ್ಕೆ ಅಪ್ಪನೇ ಬಡಿಯುವುದೆಂದು ಅಂದೇ ಮಾತಾಗಿತ್ತು. ಶಶಿಧರ್ ಕೂಡ ತಲೆ ಆಡಿಸಿದ್ದರು.

"ಅವ್ರು ಒಪ್ಕೊಂಡಿದಾರೆ ಸಾರ್. ತೊಂದ್ರೆ ಏನಿಲ್ಲ."

"ಅಲ್ಲಾರೀ, ಸ್ಟೇಜ್ ಪಕ್ಕ ಬೆಂಕಿ, ಹೊಗೆ. ಗಣ್ಯರು ಬಂದಿರ್ತಾರೆ."

"ದೀಪ ಬೆಳಗಿಸ್ತಾರಲ್ಲ ಸಾರ್. ಅದೇನು, ಬೆಂಕಿ ಅಲ್ವಾ?"

ಶಶಿಧರ್ ನಕ್ಕರು. ನಗು ಬಾಯಿಯಲ್ಲೇ ಉಳಿಯಿತು. "ನೋಡೋಕೆ ಒಂದು ಥರಾ ಇರುತ್ತೆ ಕಣ್ರೀ. ನಿಮಗೆ ಗೊತ್ತಾಗಲ್ವಾ? ಸೌಂಡ್ ಇದೆಯಲ್ಲ, ಮತ್ತಿನ್ನೇನು?"

ಕೆಂಪರಾಜು ಮೌಸ್ ಬಿಟ್ಟು ಕೈ ಹಿಂದೆಳೆದ. ಒಂದು ಥರಾ. ಯಾವ ಥರಾ? ಕೇಳಿದ್ದರೆ ಅವರು ಹೇಳುತ್ತಿರಲಿಲ್ಲ. ಹೇಳದೆ ಇರುವುದನ್ನು ಚೆನ್ನಾಗಿ ಕಲಿತಿದ್ದರು. ಈ ಸದ್ದನ್ನು ಮಕ್ಕಳಿಂದ ಹಿಡಿಸಿ ಇವರ ಕೈಗಿಟ್ಟವನು ತಾನೇ. ಎದ್ದು ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದ.

"ಬಿಳಿ ಅಂಗಿ ಇಸ್ತ್ರಿ ಮಾಡುಸ್ಕಂಡಿವ್ನಿ ಕಣ್ಲಾ," ಎಂದ ಚೌಡಯ್ಯ. "ನಾಳಿಕೆ ಯಾವ್ ಬಸ್ಸಿಗೆ ಬರ್ಲಿ?"

"ಬ್ಯಾಡ ಅಂತಾವ್ರೆ ಕಣಪ್ಪ. ಕಂಪ್ಯೂಟ್ರಲ್ಲಿರದೇ ಸಾಕಂತೆ."

"ನಾನು ಬಡ್ದಿದ್ದು ಬ್ಯಾಡ್ವಂತಾ?"

"ಅದು ಬೇಕಂತೆ."

ಆ ಕಡೆ ಮೇಕೆಯೊಂದು ಅರಚಿತು. ಅಪ್ಪ ಅದನ್ನು ಗದರಿದ್ದು ಕೇಳಿಸಿತು. ಆಮೇಲೆ ಗದರಿದ್ದು ಮಗನನ್ನು.

"ಸಾವಿನ್ ಮನೆಯೋರಾದ್ರೂ ಆಳ್ ಕಳ್ಸಿ ಕರುಸ್ತಿದ್ರಲ್ಲಾ ಲೇ! ಇದ್ಯಾವ್ ಸೀಮೆ ಇಸ್ಕೂಲ್ಲಾ ನಿಂದು? ನನ್ ಸದ್ದ ಅವ್ರಿಂದ ಈಸ್ಕಂಡು ಬಾ. ಇಲ್ದಿದ್ರೆ ನೀನೂ ಮನೆಗ್ ಬರ್ಬ್ಯಾಡ."

ಕೆಂಪರಾಜು ಒಳಗೆ ಹೋದ. ಕುಣಿತದ ತಾಲೀಮಿಗೆಂದು ರುಕ್ಸಾರ್ ಮತ್ತು ಇತರ ಹುಡುಗಿಯರು ಬಂದು ಬಾಗಿಲಲ್ಲಿ ನಿಂತಿದ್ದರು. ಅವನು ನಿಂತಲ್ಲಿಂದಲೇ ಬಗ್ಗಿ ತಮಟೆಯ ಕೆಂಪು ಪಟ್ಟಿಯನ್ನು ಆರಿಸಿ ಅಳಿಸಿದ. ಮೂಲ ಧ್ವನಿ ಉಳಿಸಿಟ್ಟ ಕಡೆ ಹೋಗಿ ಅಲ್ಲಿಯೂ ಅಳಿಸಿದ. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂಬುದನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿದ.

"ಏನ್ರೀ ಮಾಡಿದ್ರಿ?"

"ತೆಗ್ದೆ ಸಾರ್."

"ವಾಪಸ್ ತರ್ಸಿ! ವಾಪಸ್ ಬರುತ್ತಲ್ವಾ ಅದು?"

"ಬತ್ತದೆ ಸಾರ್. ಬೆಳಿಗ್ಗೆ ಬಸ್ಸಿಗೆ ಬತ್ತದೆ."

ಶಶಿಧರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಮುಂದಿನ್ ವರ್ಷ ನಿಮ್ಮನ್ನ ತಗೋಬೇಕಾ ಬೇಡ್ವಾ ಅನ್ನೋದು ನನ್ ಕೈಲಿದೆ, ಮರೀಬೇಡಿ. ಏಯ್ ರುಕ್ಸಾರ್, ನಿನ್ ಫೋನಲ್ಲಿದೆಯಲ್ಲಮ್ಮ?"

"ಅದು ಅಬ್ಬಾ ಫೋನು ಸಾರ್." ಅವಳು ಹೊಸ್ತಿಲನ್ನು ನೋಡುತ್ತ ಹೇಳಿದಳು. "ಜಾಗ ಇಲ್ಲ ಅಂತ ಅಳಿಸ್ಬಿಟ್ರು."

"ಯಾವಾಗ?"

"ಗೊತ್ತಿಲ್ಲ ಸಾರ್."

ಹಿಂದೆ ನಿಂತಿದ್ದವಳೊಬ್ಬಳು ಬಾಯಿಗೆ ವೇಲ್ ಒತ್ತಿಕೊಂಡಳು. ಶಶಿಧರ್ ಮತ್ತೆ ಕೂತು ಮೌಸ್ ಹಿಡಿದು ಒಂದೊಂದೇ ಪಟ್ಟಿಯನ್ನು ತೆರೆಯತೊಡಗಿದರು. ಢೋಲಕ್ ಬಂತು. ತಬಲಾ ಬಂತು.

ಕೆಂಪರಾಜು ಮೈದಾನಕ್ಕಿಳಿದ. ಅಪ್ಪನಿಗೆ ಮತ್ತೆ ಫೋನ್ ಮಾಡಿದ.

"ಈಸ್ಕಂಡೆ ಕಣಪ್ಪ. ಮೊದಲ್ನೇ ಬಸ್ಸಿಗೇ ಬಂದ್ಬುಡು."

"ಕಾಯ್ಸಕ್ಕೆ ಗರಿ?" ಎಂದ ಚೌಡಯ್ಯ.

"ನಾನ್ ನೋಡ್ಕತೀನಿ."

ಸ್ಟೇಜಿನ ಶಾಮಿಯಾನ ಆಗಷ್ಟೇ ಏರಿತ್ತು. ಗಣ್ಯರ ಕುರ್ಚಿಗಳಿಗೆ ಬಿಳಿ ಬಟ್ಟೆ ಸುತ್ತುತ್ತಿದ್ದರು. ಕಾಂಪೌಂಡಿನ ತೆಂಗಿನ ಮರಗಳ ಬುಡದಿಂದ ಹುಡುಗಿಯರು ಒಣಗರಿಗಳನ್ನು ದರದರ ಎಳೆದುಕೊಂಡು ಬಂದರು. ಸ್ಟೇಜಿನ ಮೆಟ್ಟಿಲಿನ ಪಕ್ಕದಲ್ಲೇ ರಾಶಿ ಹಾಕಿದರು. ಗಾಳಿಗೆ ಮೇಲಿನ ಗರಿ ಎದ್ದೆದ್ದು ಬೀಳುತ್ತಿತ್ತು. ರುಕ್ಸಾರ್ ಒಂದು ಇಟ್ಟಿಗೆ ತಂದು ಅದರ ಮೇಲಿಟ್ಟಳು.