ಜಾಗ ಬಿಡದ ಕೆಂಪು

“ಇಷ್ಟ್ ಕೆಂಪು ಎಲ್ಲಿಂದ ಬಂತಪಾ?”

ಸಂಗಮೇಶ ಯಾರನ್ನೂ ಕೇಳಿದ್ದಲ್ಲ. ಜಯನಗರದ ಪುಟ್ಟ ನಕ್ಷೆ ಕಚೇರಿಯಲ್ಲಿ, ಉಪಗ್ರಹ ತೆಗೆದ ಚಿತ್ರದೆದುರು ಕೂತು ತನ್ನಷ್ಟಕ್ಕೆ ಅಂದದ್ದು. ಅಂಥ ಚಿತ್ರಗಳಲ್ಲಿ ನೀರು ಕಪ್ಪಾಗಿಯೂ ಗಿಡವೆಲ್ಲ ಕೆಂಪಾಗಿಯೂ ಕಾಣುತ್ತವೆ. ಅಂಜನಾಪುರದಾಚೆಯ ಆ ಕೆರೆ ಮುಕ್ಕಾಲು ಕೆಂಪಾಗಿತ್ತು. ನೀರ ಮೇಲೆ ತೇಲುವ ಕಳೆ ಅಂತರಗಂಗೆ ಹಬ್ಬಿದಲ್ಲೆಲ್ಲ ನಕ್ಷೆಯಲ್ಲಿ ಗೆರೆ ಎಳೆದುಕೊಟ್ಟರೆ, ಕೆರೆ ಶುಚಿ ಮಾಡುವವರು ಯಂತ್ರ ಇಳಿಸಿ ಬಾಚುತ್ತಾರೆ. ಇಡೀ ಕೆಂಪಿನ ಸುತ್ತ ಗೆರೆ ಎಳೆದು ಮನೆಗೆ ಹೊರಟ.

ಸುದ್ದಗುಂಟೆಪಾಳ್ಯದಲ್ಲಿ ಮನೆ ಓನರ್ ಅಕ್ಕಯಮ್ಮ ಸೊಪ್ಪು ಬಿಡಿಸುತ್ತಿದ್ದರು. ಬಾಚಿಸಲಿರುವ ಕೆರೆಯ ಹೆಸರು ಅವನ ಬಾಯಲ್ಲಿ ಕೇಳಿದ್ದೇ ಅವರ ಕೈ ನಿಂತಿತು.

“ನನ್ನ ತವರೂರ ಕೆರೆ ಕಣಪ್ಪ ಅದು! ಪಡುವಲ ಮೂಲೇಲಿ ತಾವರೆ ಐತೆ. ಸಪ್ಪಲಮ್ಮಂಗೆ ಶುಕ್ರವಾರ ಆ ಹೂವೇ ಆಗ್ಬೇಕು. ಅದನ್ನೂ ಬಾಚ್ಬಿಡ್ತೀರಾ?”

“ಮ್ಯಾಲಿಂದ ನೋಡಿದ್ರ ಎರಡೂ ಒಂದ ಥರಾ ಕಾಣ್ತಾವ್ರೀ ಅಮ್ಮಾರ.”

“ಅಷ್ಟ್ ಮೇಲಿಂದ ಯಾಕ್ ನೋಡ್ತೀಯ? ಬಸ್ ಹತ್ತು, ತೋರಿಸ್ತೀನಿ.”

ಶುಕ್ರವಾರ ರಜೆ ಹಾಕಿ ಅವರೊಡನೆ ಹೋದ. ಅಕ್ಕಯಮ್ಮ ದೇವಿಯ ಪದ ಗುನುಗುತ್ತಾ ಮೊಣಕಾಲುದ್ದ ನೀರಿಗಿಳಿದು ಹೂವು ಕೊಯ್ದರು. ಅಷ್ಟರಲ್ಲಿ ಪಡುವಲ ಗಾಳಿ ಜೋರಾಗಿ ಬೀಸಿತು. ಅಂತರಗಂಗೆ ಹಿಂಡುಹಿಂಡಾಗಿ ತೇಲಿ ಎದುರು ದಂಡೆಗೆ ಸರಿಯಿತು. ತಾವರೆಯ ಎಲೆಗಳು ಮಗುಚಿದವು, ಮತ್ತೆ ಅಲ್ಲಲ್ಲೇ ಒರಗಿದವು. ಸಂಗಮೇಶ ಪದ ಕೇಳುತ್ತಲೇ ಅದನ್ನು ನೋಡುತ್ತಾ ನಿಂತ.

ಮರುದಿನ ಅದೇ ಕೆರೆಯ ಬೇಸಿಗೆಯ ಚಿತ್ರವನ್ನು ಹುಡುಕಿ, ಹೊಸದರ ಪಕ್ಕದಲ್ಲಿಟ್ಟ. ಕೆಂಪು ದಂಡೆಯಿಂದ ದಂಡೆಗೆ ಜಾಗ ಬದಲಿಸಿತ್ತು. ಪಡುವಲ ಮೂಲೆಯಲ್ಲಿ ಮಾತ್ರ ಎರಡರಲ್ಲೂ ಇದ್ದಲ್ಲೇ ಇತ್ತು. ಬೇರೂರಿದ್ದು ಎಲ್ಲಿಗೆ ಹೋದೀತು! ಅಷ್ಟು ಭಾಗದ ಗೆರೆ ಅಳಿಸಿದ. ಪ್ರಸಾದದ ತಾವರೆ ಎಸಳೊಂದು ಮಾನಿಟರಿನ ಮೇಲೆ ಬಾಡುತ್ತಿತ್ತು. ಅವನಿಗೆ ಬಹಳ ದಿನದ ಮೇಲೆ ಕೆಲಸ ಹಿತವೆನಿಸಿತು.

ಕಚೇರಿ ನಡೆಸುವ ಅನಂತರಾಮು ಹಿಂದೆ ಬಂದು ನಿಂತರು. “ಇದೇನ್ರೀ, ನಕ್ಷೆ ಮೂಲೇನ ಇಲಿ ಕಡಿದ್ಹಾಗಿದೆ?”

“ತಾವರೀ ಸರ್. ಕಳೆ ಅಲ್ಲ.” ಎರಡೂ ಚಿತ್ರ ತೋರಿಸಿದ.

ಅನಂತರಾಮು ಕಣ್ಣು ಕಿರಿದು ಮಾಡಿ ನೋಡಿದರು. “ಸರಿ, ಒಪ್ಪಿದೆ ಮಾರಾಯ. ಆದ್ರೆ ಇದನ್ನೆಲ್ಲ ಕೆರೆ ಬಾಚೋರಿಗೆ ವಿವರಿಸ್ತಾ ಕೂರೋರ್ಯಾರು? ಸಂಜೆ ನಕ್ಷೆ ಸಿ.ಡಿ. ಕಳಿಸ್ಬೇಕು. ಒಂದು ಚೂರು ತಾನೇ, ಅದನ್ನೂ ಸೇರಿಸಿ ಗೆರೆ ಮುಚ್ಚಿಬಿಡಿ.”

ಸಂಗಮೇಶ ಮೌಸ್ ಮೇಲಿನ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

“ಸೇರ್ಸಂಗಿಲ್ರೀ ಸರ್.”