ಬರೀ ಒಂದು ಕಾಗದ

"ಪೆನ್ನು ಕೆಳಗಿಡು. ಮೊದಲು ಓದಿ ಹೇಳು, ಆಮೇಲೆ ಸೈನ್ ಹಾಕು," ಎಂದಳು ಶಿವಗಂಗಮ್ಮ, ಮಂಚದ ಮೇಲಿಂದಲೇ. ಮಂಡಿಯ ಆಪರೇಷನ್ ಆಗಿ ಹದಿನೆಂಟು ದಿನವಾಗಿತ್ತು. ಕಾಲು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ, ಆದರೆ ಬಾಯಿಗೇನು ಡಾಕ್ಟರು ಬ್ಯಾಂಡೇಜು ಕಟ್ಟಿರಲಿಲ್ಲವಲ್ಲ.

ಮಗಳು ಧನ್ಯಶ್ರೀ ಜರ್ಮನಿಯ ಬಟ್ಟೆ ಕಂಪನಿಯೊಂದರಲ್ಲಿ ಅಂಗಿ, ಕೋಟುಗಳಿಗೆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಅಳತೆಯ ನಕ್ಷೆ, ತೆಗೆಯುವವಳು. ಅಮ್ಮನನ್ನು ನೋಡಿಕೊಳ್ಳಲು ಮೂರು ತಿಂಗಳು ಹೇರೋಹಳ್ಳಿಯ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಒಪ್ಪಿಸಿ ಬಂದಿದ್ದಳು. ಬಂದ ಮೇಲೆ ಶುರುವಾಯಿತು ರಗಳೆ. ಇಲ್ಲಿ ಕೂತು ಕೆಲಸ ಮಾಡಿದರೂ ಅಲ್ಲಿನ ಪಿಂಚಣಿಯ ಕಂತು ನಿಲ್ಲಬಾರದೆಂದರೆ ಕಂಪನಿ ಅಲ್ಲಿನ ಸರ್ಕಾರಿ ಕಚೇರಿಗೆ ಅರ್ಜಿ ಹಾಕಿ, ಈಕೆ ಇನ್ನೂ ಅಲ್ಲಿನ ಲೆಕ್ಕದಲ್ಲೇ ಇದ್ದಾಳೆಂಬ ಸರ್ಟಿಫಿಕೇಟ್ ತರಿಸಬೇಕು. ಕಂಪನಿಗೆ ಆ ತಲೆನೋವು ಬೇಡ. 'ಮೂರು ತಿಂಗಳು ಸಂಬಳವಿಲ್ಲದ ರಜೆ ಅಂತ ಸೈನ್ ಹಾಕಿ ಕಳಿಸಿ, ಕೆಲಸ ಮಾಡ್ತಾ ಇರಿ, ದುಡ್ಡು ಬೇರೆ ದಾರೀಲಿ ಬರುತ್ತೆ' ಎಂದು ಅಲ್ಲಿನ ಮ್ಯಾನೇಜರ್ ಕಶ್ಯಪ್ ಕಾಗದ ಕಳಿಸಿದ್ದ. ಮೂಲತಃ ಇಲ್ಲೇ ಹತ್ತಿರದ ಬಸವೇಶ್ವರನಗರದವನೇ, ಬೆಣ್ಣೆಯಂಥ ಮಾತು. ಧನ್ಯಶ್ರೀ ಎರಡು ಹಾಳೆ ಪ್ರಿಂಟ್ ತೆಗೆಸಿಕೊಂಡು ಬಂದಿದ್ದಳು.

"ಅಷ್ಟೇ ಕಣಮ್ಮ," ಎಂದಳು ಓದಿ ಹೇಳಿ. "ಕೈಗೆ ಸ್ವಲ್ಪ ಜಾಸ್ತೀನೇ ಬರುತ್ತೆ."

"ಕಂತು?"

"ಈ ಮೂರು ತಿಂಗಳು ಕಟ್ಟಲ್ಲ."

"ಅದ್ರಿಂದ ನಿಂಗೇನಾಗುತ್ತೆ?"

ಧನ್ಯಶ್ರೀಯ ದನಿ ಇಳಿಯಿತು. "ಅರವತ್ತು ತಿಂಗಳು ತುಂಬಿದ್ರೆ ಪಿಂಚಣಿ ಹಕ್ಕು ಬರುತ್ತೆ. ನನ್ನ ಕಾಂಟ್ರಾಕ್ಟು ಸರಿಯಾಗಿ ಅರವತ್ತು ತಿಂಗಳಿಗೇ ಮುಗಿಯುತ್ತೆ. ಈ ಮೂರು ಬಿಟ್ಟುಹೋದ್ರೆ ಐವತ್ತೇಳಕ್ಕೇ ನಿಲ್ಲುತ್ತೆ."

ಶಿವಗಂಗಮ್ಮ ದಿಂಬಿನ ಪಕ್ಕದ ಬಿಸ್ಕತ್ತಿನ ಡಬ್ಬಿ ತೆಗೆದು ನಾಲ್ಕು ಹಳೆಯ ಗುರುತಿನ ಚೀಟಿಗಳನ್ನು ಹಾಸಿಗೆಯ ಮೇಲೆ ಹರವಿದಳು. ಒಂದೇ ಗಾರ್ಮೆಂಟ್ಸ್, ಒಂದೇ ಹೆಸರು, ನಂಬರು ಮಾತ್ರ ಬೇರೆ ಬೇರೆ.

"ಐದು ವರ್ಷ ತುಂಬಿದ್ರೆ ಗ್ರಾಚುಟಿ ಕೊಡ್ಬೇಕಲ್ಲ, ಅದಕ್ಕೇ ನಾಲ್ಕು ವರ್ಷ ಹನ್ನೊಂದು ತಿಂಗಳಿಗೆ ರಾಜೀನಾಮೆ ಬರೆಸ್ಕೊಳ್ಳೋರು. ಮೂರು ಸಲ ಸೈನ್ ಹಾಕ್ದೆ ಕಣೇ. ಮೂರು ಸಲಾನೂ ಮುಂದಿನ ಸೋಮವಾರ ಅದೇ ಮಿಷನ್ ಮುಂದೆ ಕೂತಿದ್ದೆ. ಸೂಪರ್‌ವೈಸರ್ ಕಾಂತರಾಜು ಹೇಳ್ತಿದ್ದ, ಏನಿಲ್ಲಮ್ಮ, ಬರೀ ಒಂದು ಕಾಗದ ಅಂತ. ನಂಗೆ ಓದೋಕೆ ಬರ್ತಿರಲಿಲ್ಲ. ನಿಂಗೆ ಬರುತ್ತಲ್ಲ?"

ಧನ್ಯಶ್ರೀಗೆ ನಾಚಿಕೆಯಾಯಿತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಅಲ್ಲೇ ಮಂಚದ ತುದಿಯಲ್ಲಿ ಕೂತು ಕಶ್ಯಪ್‌ಗೆ ಫೋನ್ ಹಚ್ಚಿ, ಅಮ್ಮನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಸಾರ್, ನಾನು ಸೈನ್ ಹಾಕಲ್ಲ."

"ಅಯ್ಯೋ ಧನ್ಯಾ, ಎಲ್ಲರೂ ಮಾಡೋದೇ ಇದು. ಬರೀ ಒಂದು ಕಾಗದ ಕಣ್ರೀ."

ಶಿವಗಂಗಮ್ಮ ಮೂಗಿನಲ್ಲೇ ಹೂಂ ಎಂದಳು.

"ರಜೆ ಅಂದ್ರೆ ರಜೇನೇ ಸಾರ್. ಈಗ್ಲೇ ಲ್ಯಾಪ್‌ಟಾಪ್ ಮುಚ್ತೀನಿ, ಚಳಿಗಾಲದ ಕೋಟುಗಳಿಗೆ ತೋಳು ನೀವೇ ಕೂರಿಸ್ಕೊಳ್ಳಿ. ಕೆಲಸ ಬೇಕು ಅಂದ್ರೆ ಅರ್ಜಿ ಹಾಕಿ, ಕಂತು ಕಟ್ಟಿ. ನಾನು ಕೂತಿರೋ ಜಾಗ ಬದಲಾಗಿದೆ, ಕೆಲಸ ಬದಲಾಗಿಲ್ಲ."

"ಕಾಂಟ್ರಾಕ್ಟೇ ಹೋಗಬಹುದು. ಯೋಚನೆ ಮಾಡಿ."

"ಮಾಡೇ ಫೋನ್ ಮಾಡಿದ್ದು."

ಫೋನಿಟ್ಟು ಲ್ಯಾಪ್‌ಟಾಪ್ ಮುಚ್ಚಿದಳು. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳು. ಆದರೂ ಎಷ್ಟೋ ದಿನಗಳ ಮೇಲೆ ಬೆನ್ನು ನೆಟ್ಟಗಾದಂತಿತ್ತು.

"ಆ ಹಾಳೆ ಇತ್ತ ಕೊಡು. ಕತ್ತರೀನೂ ತಾ," ಎಂದಳು ಶಿವಗಂಗಮ್ಮ. ಎರಡೂ ಹಾಳೆಗಳ ಅಂಚು ಸೇರಿಸಿ ಗೋಂದಿನಿಂದ ಅಂಟಿಸಿ, ನಡುವೆ ಮಡಿಸಿ, ಮಗಳ ತೋಳಿಗೆ ಗೇಣು ಹಿಡಿದು ನೋಡಿ, ನೀಲಿ ಸೀಮೆಸುಣ್ಣದಲ್ಲಿ ಬ್ಲೌಸಿನ ತೋಳಿನ ಅಳತೆ ಎಳೆದಳು.

ಆಗಲೇ ಫೋನು ಹೊಡೆದುಕೊಂಡಿತು. ಕಶ್ಯಪ್‌ನ ಹೆಸರು.

"ತೆಗೀಲಾ?"

"ಈ ತೋಳು ಮುಗೀಲಿ, ತಾಳು."

ಕತ್ತರಿ ಸಹಿಗೆಂದು ಬಿಟ್ಟಿದ್ದ ಖಾಲಿ ಗೆರೆಯನ್ನು ಸೀಳಿ, ಕಂಕುಳಿನ ತಿರುವಿನಲ್ಲಿ ನಿಧಾನವಾಗಿ ಹೊರಳಿತು.